ಗಂಡು ಬಂಜೆ ಈರುಳ್ಳಿಗೆ ಬೀಜ ಬರುವುದು ಎಲ್ಲಿಂದ?

ಹೈಬ್ರಿಡ್ ಈರುಳ್ಳಿ ಬೀಜಕ್ಕೆ ಬಂಜೆ ಗಿಡವೇ ತಾಯಿ ಅಂತ ಓದಿದೆ, ಹಾಗಾದರೆ ಆ ಬಂಜೆ ತಳಿ ವರ್ಷವರ್ಷ ಉಳಿಯುವುದು ಹೇಗೆ ಎಂದು ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ. ಬಂಜೆತನ ಇರುವುದು ಗಂಡಿನ ಕಡೆ ಮಾತ್ರ. ಅಂಡಾಶಯ ಸರಿಯಾಗಿಯೇ ಇರುತ್ತದೆ. ಬೇರೆ ಗಿಡದ ಪರಾಗವನ್ನು ಜೇನುನೊಣ ತಂದರೆ ಬೀಜ ಕಟ್ಟುತ್ತದೆ.

ಬೀಜೋತ್ಪಾದನೆ ತಾಕುಗಳಲ್ಲಿ ನಾನು ಹಲವು ಹಂಗಾಮು ಕೆಲಸ ಮಾಡಿದ್ದೇನೆ. ಈರುಳ್ಳಿಯ ಒಂದು ಗೊಂಚಲಿನಲ್ಲಿ ನೂರಾರು ಪುಟ್ಟ ಹೂಗಳು, ಹೂವಿಗೆ ಆರು ಕೇಸರ. ಸಾಮಾನ್ಯ ಗಿಡದ ಪರಾಗಕೋಶ ಬಿರಿದಾಗ ಮುಟ್ಟಿದರೆ ಬೆರಳಿಗೆ ಪುಡಿ ಮೆತ್ತುತ್ತದೆ. ಬಂಜೆ ಗಿಡದ್ದು ಮಂಕಾಗಿ ಮುದುಡಿರುತ್ತದೆ, ಉಗುರಿನಲ್ಲಿ ಹಿಸುಕಿದರೂ ಏನೂ ಉದುರದು. ಹೈಬ್ರಿಡ್‌ಗೆ ತಾಯಿ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಬಾರದು. ಟೊಮೆಟೊದಲ್ಲಾದರೆ ಅದಕ್ಕಾಗಿ ಕೈಯಿಂದ ಕೇಸರ ಕೀಳಬಹುದು, ಒಂದು ಹಣ್ಣಿಗೆ ಎಷ್ಟೊಂದು ಬೀಜ! ಈರುಳ್ಳಿ ಹೂವೊಂದು ಕೊಡುವುದು ಹೆಚ್ಚೆಂದರೆ ಆರು. ಅಷ್ಟಕ್ಕೆ ಚಿಮಟ ಹಿಡಿದು ಕೂರಲಾಗದು.

1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಈರುಳ್ಳಿ ತಳಿವಿಜ್ಞಾನಿ ಹೆನ್ರಿ ಜೋನ್ಸ್ ಕಣ್ಣಿಗೆ ಇಂಥ ಒಂದೇ ಒಂದು ಗಿಡ ಬಿತ್ತು. ಅದರ ಹೂಗೊಂಚಲಿನಲ್ಲೇ ಮರಿಗಡ್ಡೆಗಳು ಮೂಡಿದ್ದರಿಂದ ಅವನ್ನು ನೆಟ್ಟು ಉಳಿಸಿಕೊಂಡರು. ಅದರ ಅನುವಂಶೀಯತೆಯನ್ನು ಜೋನ್ಸ್ ಮತ್ತು ಕ್ಲಾರ್ಕ್ ಬಿಡಿಸಿ ಪ್ರಕಟಿಸಿದ್ದು 1943ರಲ್ಲಿ.

ಗುಟ್ಟು ಎರಡು ಕಡೆ ಇದೆ. ಒಂದು, ಜೀವಕೋಶದಲ್ಲಿ ಕೋಶಕೇಂದ್ರದ ಸುತ್ತ ಇರುವ ಕೋಶದ್ರವ್ಯ. ಅದರಲ್ಲಿನ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ಇನ್ನೊಂದು, ಕೋಶಕೇಂದ್ರದ ‘ಎಂಎಸ್’ ಜೀನ್; ಇದರ ಒಂದೊಂದು ಪ್ರತಿ ತಂದೆ, ತಾಯಿ ಇಬ್ಬರಿಂದಲೂ ಬರುತ್ತದೆ. ಅದರ ಪ್ರಬಲ ರೂಪ ಒಂದಿದ್ದರೂ ಪರಾಗ ಮರಳಿ ಬರುತ್ತದೆ. ಬಂಜೆ ಕೋಶದ್ರವ್ಯ ಮತ್ತು ಎರಡು ದುರ್ಬಲ ಪ್ರತಿಗಳು ಕೂಡಿದಾಗ ಮಾತ್ರ ಗಿಡ ಬಂಜೆ. ಈಗ ಅದೇ ಎರಡು ದುರ್ಬಲ ಪ್ರತಿಗಳಿದ್ದು, ಕೋಶದ್ರವ್ಯ ಮಾತ್ರ ಸಹಜವಾಗಿರುವ ಗಿಡವನ್ನು ತಂದೆ ಮಾಡಿ. ಮಕ್ಕಳಿಗೆ ತಾಯಿಯ ಕೋಶದ್ರವ್ಯ, ಎರಡೂ ಕಡೆಯಿಂದ ದುರ್ಬಲ ಜೀನ್: ಎಲ್ಲವೂ ಬಂಜೆ! ತಂದೆ ಸಾಲು ತನ್ನ ಪರಾಗದಿಂದಲೇ ಬೀಜ ಕಟ್ಟಿ ಉಳಿಯುತ್ತದೆ.

ಕಷ್ಟವೆಲ್ಲ ಈ ತಂದೆಯನ್ನು ಹುಡುಕುವುದರಲ್ಲಿದೆ. ಪರಾಗವಿರುವ ಗಿಡಗಳೆಲ್ಲ ನೋಡಲು ಒಂದೇ ಥರ. ಬಂಜೆ ಗಿಡಕ್ಕೆ ಕೂಡಿಸಿ, ಮಕ್ಕಳು ಹೂ ಬಿಡುವವರೆಗೆ ಕಾಯಬೇಕು. ಈರುಳ್ಳಿ ಮೊದಲ ವರ್ಷ ಗಡ್ಡೆ, ಎರಡನೇ ವರ್ಷ ಹೂ. ಒಂದು ಸುತ್ತು ಮುಗಿಯುವಷ್ಟರಲ್ಲಿ ವರ್ಷಗಳೇ ಸರಿಯುತ್ತವೆ. ಈಗ ಸಸಿಯ ಎಲೆಯ ಡಿಎನ್‌ಎಯಿಂದಲೇ ಕೋಶದ್ರವ್ಯ ಯಾವುದೆಂದು ತಿಳಿಯಬಹುದು. ನನ್ನ ಪ್ರಕಾರ ತಳಿಗಾರರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಹೈಬ್ರಿಡ್ ಬೆಳೆಯೂ ಬಂಜೆಯಾದರೆ? ಈರುಳ್ಳಿಯಲ್ಲಿ ತಿನ್ನುವುದು ಗಡ್ಡೆ, ಅಡ್ಡಿಯಿಲ್ಲ. ಮೆಣಸಿನಕಾಯಿಯಲ್ಲಿ ಕಾಯಿಯೇ ಬೇಕು. ಹಾಗಾಗಿ ಅಲ್ಲಿ ಹೈಬ್ರಿಡ್‌ನ ತಂದೆ ಪರಾಗ ಮರಳಿಸುವ ಪ್ರಬಲ ಜೀನ್ ಹೊತ್ತಿರಲೇಬೇಕು.