ಮಂಡಿ ನೋವು, ಜೊತೆಗೊಂದು ಗಂಟು

ನಿಮ್ಮ ಪತ್ರ ತಲುಪಿತು. ವಯಸ್ಸು 52. ಬಲ ಮಂಡಿ ಆರು ತಿಂಗಳಿಂದ ನೋಯುತ್ತಿದೆ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಈಗ ಅದೇ ಕಾಲಿನಲ್ಲಿ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಹೊರಬದಿಯಲ್ಲಿ ಒಂದು ಗಂಟು ಕೈಗೆ ಸಿಕ್ಕಿದೆ. ಒತ್ತಿದರೆ ನೋವಿಲ್ಲ. ಮನೆಯವರು ಎಣ್ಣೆ ಹಚ್ಚಿ ತಿಕ್ಕು ಅಂತಿದ್ದಾರೆ. "ಇದು ಮಂಡಿಯಿಂದಲೇ ಬಂದಿದ್ದಾ? ನೋವಿಲ್ಲ ಅಂದ ಮೇಲೆ ಸುಮ್ನೆ ಬಿಡಬಹುದಲ್ವಾ?" ಎಂದು ಕೇಳಿದ್ದೀರಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಬಿಡಬೇಡಿ. ತಿಕ್ಕುವುದೂ ಬೇಡ. ಪತ್ರ ಓದಿ ಅದು ಇಂಥದ್ದೇ ಗಂಟು ಎಂದು ಹೇಳಲು ಆಗುವುದಿಲ್ಲ. ಡಾಕ್ಟರ್ ಕೈಯಿಟ್ಟೇ ನೋಡಬೇಕು.

ಮಂಡಿಗೂ ಗಂಟಿಗೂ ನಂಟು ಇರಬಹುದು. ಕೀಲು ಸವೆದಾಗ, ಅಥವಾ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿದಾಗ, ಮಂಡಿಯಲ್ಲಿ ನೀರು ಜಾಸ್ತಿಯಾಗುತ್ತದೆ. ಅದು ಹಿಂದಕ್ಕೆ ನುಗ್ಗಿ ಮಂಡಿಯ ಹಿಂಬದಿಯಲ್ಲಿ ಚೀಲದಂತೆ ಊದಿದರೆ ಬೇಕರ್ಸ್ ಸಿಸ್ಟ್ ಅನ್ನುತ್ತಾರೆ. ಆದರೆ ನಿಮ್ಮ ಗಂಟು ಹೊರಬದಿಯಲ್ಲಿದೆ. ಅಲ್ಲಿ ಕಾಲಿನ ಎರಡು ಮೂಳೆಗಳು ಸೇರುವ ಪುಟ್ಟ ಕೀಲೊಂದಿದೆ. ಅದರಿಂದಲೂ ಅಂಟುದ್ರವ ತುಂಬಿದ ಗಂಟು ಏಳಬಹುದು, ಅದಕ್ಕೆ ಗ್ಯಾಂಗ್ಲಿಯಾನ್ ಎಂದು ಹೆಸರು. ಪಾದವನ್ನು ಮೇಲಕ್ಕೆತ್ತುವ ನರ ಅದೇ ಜಾಗದಲ್ಲಿ ಮೂಳೆಯನ್ನು ಸುತ್ತಿಕೊಂಡು ಹೋಗುತ್ತದೆ. ಹಾಗಾಗಿ ಗೋಡೆ ಹಿಡಿದುಕೊಂಡು, ಬೆರಳುಗಳನ್ನು ಮೇಲೆತ್ತಿ, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಬಲಪಾದ ಮಾತ್ರ ಮೇಲೆ ನಿಲ್ಲದೆ ತಟ್ಟನೆ ಕೆಳಗೆ ಬಿದ್ದರೆ, ಅಥವಾ ಪಾದದ ಮೇಲ್ಭಾಗ ಜೋಮು ಹಿಡಿದಂತಿದ್ದರೆ, ನರಕ್ಕೆ ಒತ್ತು ಬೀಳುತ್ತಿರಬಹುದು. ಆಗ ತಡ ಮಾಡಬಾರದು.

ನಂಟೇ ಇಲ್ಲದೆಯೂ ಇರಬಹುದು. ಈ ವಯಸ್ಸಿನಲ್ಲಿ ಮಂಡಿ ಸವೆತ ಬಲು ಸಾಮಾನ್ಯ. ಗಂಟು ಬೇರೆಯೇ ಆಗಿದ್ದು, ನೋಯುವ ಕಾಲನ್ನು ಪದೇ ಪದೇ ಮುಟ್ಟಿ ನೋಡಿದ್ದಕ್ಕೆ ಸಿಕ್ಕಿರಬಹುದು. ಚರ್ಮದ ಕೆಳಗೆ ಮೆತ್ತಗಿದ್ದು, ಬೆರಳಿಗೆ ಜಾರುತ್ತಿದ್ದರೆ ಕೊಬ್ಬಿನ ಗಂಟು ಇರಬಹುದು. ನಿಂತಾಗ ಕಂಡು, ಕಾಲು ಮೇಲೆತ್ತಿ ಮಲಗಿದರೆ ಮಾಯವಾದರೆ ಉಬ್ಬಿದ ರಕ್ತನಾಳವೋ, ಪೊರೆಯಿಂದ ಹೊರಗಿಣುಕಿದ ಸ್ನಾಯುವೋ ಆಗಿರಬಹುದು.

ಇನ್ನು ನೋವಿನ ಮಾತು. ನೋವಿದ್ದರೆ ಅಪಾಯ, ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆ ನನಗೆ ಬರುವ ಎಷ್ಟೋ ಪತ್ರಗಳಲ್ಲಿದೆ. ಗಂಟಿನ ವಿಷಯದಲ್ಲಿ ಈ ಲೆಕ್ಕ ತಪ್ಪು. ಸಾರ್ಕೋಮಾ ಎಂಬ ಕ್ಯಾನ್ಸರ್ ಗಂಟು ಅಪರೂಪ, ಆದರೆ ಅದು ಎಷ್ಟೋ ಸಲ ನೋವಿಲ್ಲದೆಯೇ ಬೆಳೆಯುತ್ತದೆ. ನೋಡಬೇಕಾದ್ದು ಬೇರೆ: ಬೆಳೆಯುತ್ತಿದೆಯಾ, 5 ಸೆಂಟಿಮೀಟರ್‌ಗಿಂತ ದೊಡ್ಡದಾ, ಗಟ್ಟಿಯಾಗಿ ಆಳದಲ್ಲಿ ಕಚ್ಚಿಕೊಂಡಿದೆಯಾ, ಹಿಂದೆ ತೆಗೆಸಿದ್ದು ಮತ್ತೆ ಬಂದಿದೆಯಾ. ಇದರಲ್ಲಿ ಒಂದಿದ್ದರೂ ಬೇಗ ತೋರಿಸಬೇಕು. ಮಲಗಿದಾಗಲೂ ಬಿಡದೆ, ರಾತ್ರಿ ಎಬ್ಬಿಸುವ ಮೂಳೆ ನೋವಿಗೂ ಇದೇ ಮಾತು.

ಸಾಮಾನ್ಯವಾಗಿ ಗಂಟಿಗೆ ಮೊದಲು ಅಲ್ಟ್ರಾಸೌಂಡ್, ಮಂಡಿಗೆ ಎಕ್ಸ್‌ರೇ, ಅನುಮಾನ ಉಳಿದರೆ ಎಂಆರ್‌ಐ ಮಾಡಿಸುತ್ತಾರೆ. ಸ್ಕ್ಯಾನ್ ಇಲ್ಲದೆ "ಸಣ್ಣದು, ಈಗಲೇ ತೆಗೆದುಬಿಡೋಣ" ಎಂದು ಯಾರಾದರೂ ಅಂದರೆ, ಮೊದಲು ಸ್ಕ್ಯಾನ್ ಆಗಲಿ ಎಂದು ಕೇಳಿ. ಅಕಸ್ಮಾತ್ ಕೆಟ್ಟ ಗಂಟಾಗಿದ್ದರೆ, ಯೋಚಿಸದೆ ಕೊಯ್ದದ್ದು ಮುಂದಿನ ಚಿಕಿತ್ಸೆಯನ್ನು ಕಷ್ಟ ಮಾಡುತ್ತದೆ. ಪರೀಕ್ಷೆಗೆಂದು ಸೂಜಿ ಹಾಕಿ ಗಂಟಿನ ಚೂರು ತೆಗೆಯುವುದಕ್ಕೂ, ಎಲ್ಲಿ ಚುಚ್ಚಬೇಕೆಂದು ಮೊದಲೇ ಜಾಗ ಗೊತ್ತು ಮಾಡಿಕೊಳ್ಳುತ್ತಾರೆ.

ಒಂದಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಬೇಕರ್ಸ್ ಸಿಸ್ಟ್ ಒಡೆದರೂ ಕಾಲು ಹೀಗೇ ಕಾಣುತ್ತದೆ. ಯಾವುದೆಂದು ಮನೆಯಲ್ಲಿ ಕೂತು ಊಹಿಸದೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ ತುರ್ತು ಸಹಾಯಕ್ಕೆ ಫೋನ್ ಮಾಡಿ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಗಂಟಿನ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಬೆಳೆದಿದೆಯಾ ಎಂದು ಕೇಳಿದಾಗ ತಡಬಡಾಯಿಸುವುದು ತಪ್ಪುತ್ತದೆ.

– ಸಂ.