30 ಕಿ.ಮೀ. ನಂತರದ ಸುಸ್ತು: ತಪ್ಪೆಲ್ಲ ಮನಸ್ಸಿನದಲ್ಲ

ಮ್ಯಾರಥಾನ್‌ನಲ್ಲಿ 30 ಕಿ.ಮೀ. ದಾಟಿದ ಮೇಲೆ ಮನಸ್ಸು ಕೈಕೊಡುತ್ತದೆ, ಅದನ್ನು ಗಟ್ಟಿ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಮೊದಲು ಹೊಟ್ಟೆ ನೋಡಿಕೊಳ್ಳಿ! ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು, ಬಹಳ ಜನರಿಗೆ ಆ ಹೊತ್ತಿಗೇ ಖಾಲಿಯಾಗುತ್ತಾ ಬರುತ್ತದೆ. ಕಾಲು ಭಾರ, ತಲೆಯಲ್ಲಿ ‘ಸಾಕು ಬಿಡು’. ಹಸಿದ ಮಿದುಳು ಧೈರ್ಯ ಹೇಳೋದಿಲ್ಲ, ಅಲ್ವಾ? ಶುರುವಿನಲ್ಲಿ ಜೋಶ್‌ಗೆ ಬೀಳದೆ ನಿಧಾನ ಓಡಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಟಗಾರರು ಹೀರುವ ಸಿಹಿ ಎನರ್ಜಿ ಜೆಲ್ ಹಿಡಿಸದಿದ್ದರೆ ಖರ್ಜೂರ ತಿನ್ನಿ, ಆದರೆ ಅಭ್ಯಾಸದಲ್ಲೇ ತಿಂದು ನೋಡಿರಬೇಕು.

ಇನ್ನು ಮನಸ್ಸು. ಅದಕ್ಕೂ ತಾಲೀಮು ಬೇಕು. ವಾರದ ಉದ್ದದ ಓಟದಲ್ಲಿ ಕೊನೆಯ ಕೆಲವು ಕಿಲೋಮೀಟರ್‌ಗಳನ್ನು, ಸುಸ್ತಾದ ಕಾಲಲ್ಲೇ, ರೇಸ್ ವೇಗದಲ್ಲಿ ಓಡಿ. ರೇಸ್ ದಿನ ಉಳಿದ 12 ಕಿ.ಮೀ. ಬಗ್ಗೆ ಯೋಚಿಸಬೇಡಿ, ಮುಂದಿನ ನೀರಿನ ಸ್ಟಾಲ್ ಸಾಕು.

2015ರ ಬರ್ಲಿನ್ ಮ್ಯಾರಥಾನ್‌ನಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಅವರ ಎರಡೂ ಶೂಗಳ ಒಳಗಿನ ಸೋಲ್ ಹೊರಗೆ ಬಂದು ಪಟಪಟ ಬಡಿಯುತ್ತಿತ್ತು. ಆದರೂ 2 ಗಂಟೆ 4 ನಿಮಿಷದಲ್ಲಿ ಗೆದ್ದರು. ಹಾಗಂತ ಎಲ್ಲ ನೋವನ್ನೂ ಸುಮ್ನೆ ನುಂಗಬೇಡಿ. ಮೊಣಕಾಲಲ್ಲಿ ಚುಚ್ಚಿದಂತಾದರೆ ನಿಲ್ಲಿಸಿ, ಫಿಸಿಯೋಗೆ ತೋರಿಸಿ.