14 ಕೋರಿನ ಹಳೆ ಜಿಯಾನಾ, 6 ಕೋರಿನ ಹೊಸ ಐ5ಆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ್ದು. ಗೇಮಿಂಗ್‌ಗೆ ಹೇಳಿ ಮಾಡಿಸಿದ ಡೆಸ್ಕ್‌ಟಾಪ್ ಪ್ರೊಸೆಸರ್ ಕೊಳ್ಳಬೇಕಾ, ಸರ್ವರ್ ಅಥವಾ ವರ್ಕ್‌ಸ್ಟೇಷನ್ ಪ್ರೊಸೆಸರ್ ಕೊಳ್ಳಬೇಕಾ ಎಂದು. ಜಿಯಾನ್ ಎಂಬುದು ಇಂಟೆಲ್ ಕಂಪನಿಯ ಸರ್ವರ್, ವರ್ಕ್‌ಸ್ಟೇಷನ್ ಪ್ರೊಸೆಸರ್; ಐ5 ಅದರದೇ ಡೆಸ್ಕ್‌ಟಾಪ್ ಪ್ರೊಸೆಸರ್. ಕೋರ್ ಎಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ, ಥ್ರೆಡ್ ಎಂದರೆ ಅದು ನಡೆಸುವ ಕೆಲಸದ ಒಂದು ಎಳೆ. ಮೂರು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉದ್ದ ಉತ್ತರವೇ ಬೇಕು. ಅದರಲ್ಲಿ ವಿದ್ಯಾರ್ಥಿಯೊಬ್ಬರ ಕೂಡಿಟ್ಟ ದುಡ್ಡಿನ ಪ್ರಶ್ನೆ ಇದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಹತ್ತಿರ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಬ್ಬರು ಜಿಯಾನ್ ಇ5-2680 ವಿ4, ಎಕ್ಸ್99 ಮದರ್‌ಬೋರ್ಡು, 64 ಜಿಬಿ ರ್ಯಾಮ್ ಸೇರಿಸಿ ಕಾಂಬೊ ಕೊಡುತ್ತಾರಂತೆ. ಅದೇ ದುಡ್ಡಿಗೆ ಹೊಸ ಐ5-12400ಎಫ್ ಮತ್ತು ಬೋರ್ಡು ಕೊಂಡರೆ 16 ಜಿಬಿ ರ್ಯಾಮ್ ಮಾತ್ರ ಬರುತ್ತೆ. 'ಇದು ಸರ್ವರ್ ಪ್ರೊಸೆಸರ್, 14 ಕೋರ್, 28 ಥ್ರೆಡ್, ವರ್ಷಗಟ್ಟಲೆ ಆಫ್ ಮಾಡದೆ ಓಡುತ್ತೆ' ಎನ್ನುತ್ತಾರೆ. ವ್ಯಾಲೊರಂಟ್, ಜಿಟಿಎ 5 ಆಡುತ್ತೇನೆ. ಆಂಡ್ರಾಯ್ಡ್ ಸ್ಟುಡಿಯೊ, ಸ್ವಲ್ಪ ಮಷೀನ್ ಲರ್ನಿಂಗ್ ಕೂಡ ಇದೆ. ಯಾವುದು ತಗೊಳ್ಳಲಿ ಸರ್?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಐ5 ತಗೊಳ್ಳಿ. 16 ಜಿಬಿಯಾದರೂ ಪರವಾಗಿಲ್ಲ, ಐ5 ತಗೊಳ್ಳಿ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಕೋರ್ 14 ಇರುವುದೂ ನಿಜ, ವರ್ಷಗಟ್ಟಲೆ ಓಡುವುದೂ ನಿಜ. ಆದರೆ ಅದು ನಿಮ್ಮ ಕೆಲಸಕ್ಕೆ ಬರುವ ಗುಣ ಅಲ್ಲ.

ಗೇಮಿನಲ್ಲಿ ಒಂದು ಫ್ರೇಮ್ ತಯಾರಾಗುವುದನ್ನು ನೋಡಿ. ನೀವು ಮೌಸ್ ಅಲ್ಲಾಡಿಸಿದಿರಿ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಈಗ ಪರದೆಯಲ್ಲಿ ಏನೇನು ಕಾಣಬೇಕು ಎಂದು ಪ್ರೊಸೆಸರ್ ಲೆಕ್ಕ ಹಾಕಬೇಕು. ಆಮೇಲೇ ಗ್ರಾಫಿಕ್ಸ್ ಕಾರ್ಡಿಗೆ ಬಿಡಿಸಲು ಹೇಳಬೇಕು. ಇದರಲ್ಲಿ ಬಹುಪಾಲು ಒಂದರ ಹಿಂದೆ ಒಂದು ನಡೆಯಬೇಕಾದ ಕೆಲಸ. ಮೊದಲಿನದು ಮುಗಿಯದೆ ಮುಂದಿನದು ಶುರುವಾಗದು. 60 ಫ್ರೇಮ್ ಬೇಕಾದರೆ ಇದೆಲ್ಲ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. 144 ಹರ್ಟ್ಸ್ ಮಾನಿಟರ್ ಇದ್ದರೆ 7 ಮಿಲಿಸೆಕೆಂಡ್ ಕೂಡ ಸಿಗುವುದಿಲ್ಲ. ಹಾಗಾಗಿ ಗೇಮಿಗೆ ಬೇಕಿರುವುದು ಚುರುಕಾದ ಕೆಲವೇ ಕೋರ್.

ಸರ್ವರ್‌ನ ಕಥೆ ಬೇರೆ. ಬ್ಯಾಂಕಿನ ಸರ್ವರ್‌ಗೆ ಸಾವಿರಾರು ಜನ ಒಟ್ಟಿಗೆ ಬ್ಯಾಲೆನ್ಸ್ ಕೇಳುತ್ತಾರೆ. ಒಬ್ಬರ ಉತ್ತರಕ್ಕಾಗಿ ಇನ್ನೊಬ್ಬರು ಕಾಯಬೇಕಿಲ್ಲ. ಅಲ್ಲಿ ಕೋರ್ ಜಾಸ್ತಿ ಇದ್ದಷ್ಟೂ ಲಾಭ. ಒಂದೊಂದು ಕೋರ್ ಸ್ವಲ್ಪ ನಿಧಾನವಾದರೂ ನಡೆಯುತ್ತೆ. ಮದುವೆ ಅಡುಗೆಯಲ್ಲಿ ತರಕಾರಿ ಹೆಚ್ಚಲು 14 ಜನ ಕೂತರೆ ಕೆಲಸ ಬೇಗ ಮುಗಿಯುತ್ತೆ, ಒಗ್ಗರಣೆ ಹಾಕಲು 14 ಜನ ನಿಂತರೆ ಏನೂ ಬೇಗ ಆಗುವುದಿಲ್ಲ, ಅಲ್ವಾ?

ಸರ್ವರ್ ಪ್ರೊಸೆಸರ್ ಕೀಳು ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಬಂದ 6 ಕೋರಿನ ಜಿಯಾನ್ 7400, ಡನಿಂಗ್ಟನ್ ಎಂಬ ಸಂಕೇತನಾಮದ್ದು, ರೂಪುಗೊಂಡಿದ್ದೇ ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ. ನಮ್ಮೂರಿನ ಎಂಜಿನಿಯರ್‌ಗಳು ಮಾಡಿದ ದೊಡ್ಡ ಕೆಲಸ ಅದು. ಆದರೆ ಅದನ್ನು ಮಾಡಿದ್ದು ನಾಲ್ಕು ಪ್ರೊಸೆಸರ್ ಒಟ್ಟಿಗೆ ಕೂರಿಸುವಂಥ ದೊಡ್ಡ ಸರ್ವರ್‌ಗಳಿಗಾಗಿ. ಮನೆಯ ಗೇಮಿಂಗ್ ಮೇಜು ಅದರ ಜಾಗ ಅಲ್ಲ.

ಈಗ ನಿಮ್ಮ ಎರಡು ಪ್ರೊಸೆಸರ್ ಪಕ್ಕಪಕ್ಕ ಇಡೋಣ. ಇ5-2680 ವಿ4 ಬಂದಿದ್ದು 2016ರಲ್ಲಿ. ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೊ 3.3. ಐ5-12400ಎಫ್ 2022ರ ಜನವರಿಯದ್ದು, ಟರ್ಬೊ 4.4. ಅಂತರ ಬರೀ ಗಿಗಾಹರ್ಟ್ಸ್‌ನದ್ದಲ್ಲ. ಹೊಸ ಕೋರ್ ಒಂದೊಂದು ಟಿಕ್‌ನಲ್ಲಿ ಮಾಡುವ ಕೆಲಸವೂ ಜಾಸ್ತಿ. ಎರಡೂ ಸೇರಿ, ಒಂದು ಕೋರಿಗೆ ಒಂದು ಕೋರ್ ಎಂದು ಹೋಲಿಸಿದರೆ ಐ5 ಹೆಚ್ಚೂಕಡಿಮೆ ಎರಡು ಪಟ್ಟು ವೇಗ. ಇನ್ನೊಂದು ಮಾತು ಕೇಳಿ. ಎಲ್ಲ ಕೋರ್ ಬಳಸುವ ಕೆಲಸದಲ್ಲೂ ಆ 14 ಹಳೆ ಕೋರ್‌ಗಳಿಗೆ ಈ 6 ಹೊಸ ಕೋರ್ ಸರಿಸಮ ನಿಲ್ಲುತ್ತವೆ. ಅಂದರೆ 28 ಥ್ರೆಡ್ ಎಂಬ ಸಂಖ್ಯೆಯಿಂದ ನಿಮ್ಮ ಕಂಪೈಲ್ ಕೂಡ ವೇಗ ಆಗುವುದಿಲ್ಲ.

ನಿಮ್ಮ ಕಾರ್ಡಿನ ವಿಷಯಕ್ಕೆ ಬರೋಣ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆರ್‌ಟಿಎಕ್ಸ್ 4060ಕ್ಕೆ ಪಿಸಿಐಇ ಲೇನ್ (ಕಾರ್ಡು ಮತ್ತು ಪ್ರೊಸೆಸರ್ ನಡುವೆ ಡೇಟಾ ಓಡುವ ದಾರಿ) ಇರುವುದು 8 ಮಾತ್ರ, ಪಿಸಿಐಇ 4.0 ವೇಗದ್ದು. ಎಕ್ಸ್99 ಬೋರ್ಡು ಪಿಸಿಐಇ 3.0. ಅದರಲ್ಲಿ ಕೂರಿಸಿದರೆ ಅದೇ 8 ಲೇನ್ ಅರ್ಧ ವೇಗದಲ್ಲಿ ಓಡುತ್ತವೆ. ಸ್ಲಾಟ್ ಉದ್ದಕ್ಕೆ 16 ಲೇನ್ ಇದ್ದರೂ ಕಾರ್ಡು ಬಳಸುವುದು 8 ಅಷ್ಟೇ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿದ ಹೊತ್ತಿನಲ್ಲಿ ಇದು ತಡವರಿಕೆಯಾಗಿ ಕಾಣುತ್ತೆ.

ಇನ್ನು ವ್ಯಾಲೊರಂಟ್. ಮೋಸದಾಟ ತಡೆಯುವ ಅದರ ಆ್ಯಂಟಿ-ಚೀಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಸುರಕ್ಷತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಕಂಪ್ಯೂಟರ್ ಶುರುವಾಗಲು ಬಿಡುವ ವ್ಯವಸ್ಥೆ) ಎರಡೂ ಬೇಕು. ಈ ಕಾಂಬೊ ಬೋರ್ಡುಗಳಲ್ಲಿ ಟಿಪಿಎಂ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟೇ ಅಲ್ಲ, ಇ5 ವಿ4 ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಸಿಗುತ್ತಾರೆ. ಆದರೆ ಇಷ್ಟದ ಗೇಮೇ ತೆರೆಯದಿದ್ದರೆ ಹಾಕಿ ಏನು ಬಂತು? ಇದಕ್ಕಿಂತ ಹಳೆಯ ವಿ1, ವಿ2 ಜಿಯಾನ್ ಯಾರಾದರೂ ತೋರಿಸಿದರೆ ಇನ್ನೂ ದೂರ ಇರಿ. ಅವುಗಳಲ್ಲಿ ಒಂದೇ ಸಲಕ್ಕೆ ಹಲವು ಲೆಕ್ಕ ಮಾಡಿಸುವ ಎವಿಎಕ್ಸ್2 ಎಂಬ ಸೂಚನೆಗಳಿಲ್ಲ, ಕೆಲವು ಹೊಸ ಗೇಮ್ ಶುರುವೇ ಆಗುವುದಿಲ್ಲ.

ಇಂಥ ಕಾಂಬೊ ಈಗಾಗಲೇ ಕೊಂಡ ಸ್ನೇಹಿತರು ನಿಮಗೆ ಇರಬಹುದು. 'ನನ್ನದು 20 ಪರ್ಸೆಂಟ್ ಕೂಡ ಬಳಕೆ ಆಗಲ್ಲ, ಅಷ್ಟು ಪವರ್ ಇದೆ' ಎಂದು ಟಾಸ್ಕ್ ಮ್ಯಾನೇಜರ್ ತೋರಿಸುತ್ತಾರೆ. ಆ ಸಂಖ್ಯೆಯನ್ನು ಹೀಗೆ ಓದಬೇಕು. 28 ಥ್ರೆಡ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ 3.6 ಪರ್ಸೆಂಟ್ ಅಷ್ಟೇ ತೋರುತ್ತೆ. ಗೇಮಿನ ಮುಖ್ಯ ಥ್ರೆಡ್ ಉಸಿರು ಬಿಡದೆ ಓಡುತ್ತಿರುತ್ತೆ, ಉಳಿದ ಕೋರ್ ಸುಮ್ನೆ ಕೂತಿರುತ್ತವೆ. ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಿಸಿದರೆ ಸ್ವಲ್ಪ ಗೊತ್ತಾಗುತ್ತೆ. ಆದರೆ ವಿಂಡೋಸ್ ಒಂದೇ ಥ್ರೆಡ್ಡನ್ನು ಕೋರಿನಿಂದ ಕೋರಿಗೆ ದಾಟಿಸುತ್ತಿರುತ್ತೆ, ಹಾಗಾಗಿ ಅಲ್ಲೂ ಮೋಸ ಹೋಗಬಹುದು. ನಿಜ ತಿಳಿಯಬೇಕೆಂದರೆ ವಿ-ಸಿಂಕ್ (ಫ್ರೇಮ್ ವೇಗವನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ತೆಗೆದು, ಗೇಮ್ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡಿ. ಅದು 95ರ ಆಸುಪಾಸು ಇದ್ದರೆ ಸರಿ. 50-60ರಲ್ಲೇ ನಿಂತಿದ್ದರೆ ಕಾರ್ಡು ಪ್ರೊಸೆಸರ್‌ಗಾಗಿ ಕಾಯುತ್ತಿದೆ ಎಂದರ್ಥ.

ರ್ಯಾಮ್ ಬಗ್ಗೆ ನಿಮ್ಮ ಆಸೆ ನನಗೆ ಅರ್ಥ ಆಗುತ್ತೆ. 2025ರ ಕೊನೆಯಿಂದ ರ್ಯಾಮ್ ಬೆಲೆ ಏರಿದ ಮೇಲೆ 64 ಜಿಬಿ ಎಂದರೆ ಯಾರ ಕಣ್ಣಾದರೂ ಅತ್ತ ಹೋಗುತ್ತೆ. ಆದರೆ ಕಾಂಬೊದಲ್ಲಿ ಬರುವುದು ಸಾಮಾನ್ಯವಾಗಿ ಸರ್ವರ್‌ನಿಂದ ತೆಗೆದ ರಿಜಿಸ್ಟರ್ಡ್ ರ್ಯಾಮ್, ಅಂದರೆ ಸರ್ವರ್, ವರ್ಕ್‌ಸ್ಟೇಷನ್‌ಗೆಂದೇ ಮಾಡಿದ ಬಗೆ. ಮುಂದೆ ಬೇರೆ ಕಂಪ್ಯೂಟರ್ ಕೊಂಡರೆ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಅದು ಕೈಯಲ್ಲಿ ಉಳಿಯುವ ಆಸ್ತಿ ಅಲ್ಲ. ಐ5 ಜೊತೆ ಡಿಡಿಆರ್4 ಬೋರ್ಡು ಆರಿಸಿ, ಸದ್ಯಕ್ಕೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ. ಕೈಗೆ ದುಡ್ಡು ಬಂದಾಗ ಅದೇ ತರಹದ ಇನ್ನೊಂದು ಸೇರಿಸಿ. ಅಲ್ಲಿವರೆಗೆ ಸಿಂಗಲ್ ಚಾನೆಲ್, ಅಂದರೆ ರ್ಯಾಮ್ ಮತ್ತು ಪ್ರೊಸೆಸರ್ ನಡುವೆ ಒಂದೇ ದಾರಿ, ಆದ್ದರಿಂದ ಒಂದಷ್ಟು ಫ್ರೇಮ್ ಕಡಿಮೆ ಬರುತ್ತೆ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಎಮ್ಯುಲೇಟರ್ ಬದಲು ನಿಮ್ಮ ಫೋನನ್ನೇ ಯುಎಸ್‌ಬಿಗೆ ಚುಚ್ಚಿ ಪರೀಕ್ಷೆ ಮಾಡಿದರೆ 16ರಲ್ಲಿ ಸುಧಾರಿಸಬಹುದು. ಮಷೀನ್ ಲರ್ನಿಂಗ್ ಭಾರ ಹೊರುವುದು ಗ್ರಾಫಿಕ್ಸ್ ಕಾರ್ಡು, ಆ ಚಿಂತೆ ಬೇಡ.

ಸ್ವಲ್ಪ ಜಾಸ್ತಿ ಹಾಕಬಲ್ಲಿರಾದರೆ ಎಎಂಡಿ ಕಂಪನಿಯ ರೈಜೆನ್ 5 7600 ನೋಡಿ. ಅದು ಕೂರುವ ಎಎಂ5 ಸಾಕೆಟ್‌ಗೆ 2027ರವರೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ, ಅಂದರೆ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕು. ಒಳಗೇ ಸಣ್ಣ ಗ್ರಾಫಿಕ್ಸ್ ಕೂಡ ಇದೆ. ಪರೀಕ್ಷೆ ಹತ್ತಿರ ಬಂದಾಗ ಕಾರ್ಡು ಕೈಕೊಟ್ಟರೂ ಕಂಪ್ಯೂಟರ್ ನಡೆಯುತ್ತೆ. ಹೆಸರಿನ ಕೊನೆಗೆ ಎಫ್ ಇರುವ ಐ5ನಲ್ಲಿ ಈ ಅನುಕೂಲ ಇಲ್ಲ.

ಪ್ರಶ್ನೆ: ನಮ್ಮದು ಸಣ್ಣ ಆರ್ಕಿಟೆಕ್ಟ್ ಆಫೀಸು. ರೆವಿಟ್, ಸ್ಕೆಚಪ್‌ನಲ್ಲಿ ಮಾಡೆಲ್ ಮಾಡುತ್ತೇವೆ, ವಿ-ರೇನಲ್ಲಿ ರೆಂಡರ್. 'ಪ್ರೊಫೆಷನಲ್ ಕೆಲಸಕ್ಕೆ ವರ್ಕ್‌ಸ್ಟೇಷನ್ ಪ್ರೊಸೆಸರ್ರೇ ಆಗಬೇಕು, ಇಸಿಸಿ ಮೆಮೊರಿ ಬೇಕೇ ಬೇಕು' ಎಂದು ವೆಂಡರ್ 24 ಕೋರಿನ ಥ್ರೆಡ್‌ರಿಪ್ಪರ್ 9960ಎಕ್ಸ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ರೈಜೆನ್ 9 9950ಎಕ್ಸ್ ಸಾಲುವುದಿಲ್ಲವೇ?
— ಆರ್ಕಿಟೆಕ್ಟ್, ಮೈಸೂರು

ಉತ್ತರ: ಸಾಲುತ್ತೆ ಮೇಡಂ. ದಿನದ ಬಹುಪಾಲು ಹೊತ್ತು ಅದೇ ಚುರುಕಾಗಿಯೂ ಇರುತ್ತೆ.

ನಿಮ್ಮ ಆಫೀಸಿನಲ್ಲಿ ಒಬ್ಬರು ಬೆಳಗಿಂದ ಸಂಜೆವರೆಗೆ ಕೂತು ಮಾಡುವುದು ಮಾಡೆಲಿಂಗ್. ಗೋಡೆ ಎಳೆಯುವುದು, ಕಿಟಕಿ ಸರಿಸುವುದು, ಮಾಡೆಲ್ ತಿರುಗಿಸಿ ನೋಡುವುದು. ಸ್ಕೆಚಪ್, ರೆವಿಟ್‌ನಲ್ಲಿ ಇದರ ಹೆಚ್ಚಿನ ಪಾಲು ಒಂದೇ ಕೋರಿನ ಮೇಲೆ ಬೀಳುತ್ತೆ. ಅಂದರೆ ನಿಮ್ಮ ಹಗಲಿನ ಕೆಲಸ ಗೇಮಿನ ಸ್ವಭಾವದ್ದೇ. 9950ಎಕ್ಸ್ ಒಂದು ಕೋರಿನಲ್ಲಿ 5.7 ಗಿಗಾಹರ್ಟ್ಸ್‌ವರೆಗೆ ಹೋಗುತ್ತೆ, 9960ಎಕ್ಸ್ 5.4ರವರೆಗೆ. ವಿ-ರೇ ರೆಂಡರ್ ಮಾತ್ರ ಸಿಕ್ಕ ಕೋರನ್ನೆಲ್ಲ ಬಳಸುತ್ತೆ, ಅಲ್ಲಿ 24 ಕೋರ್ ಗೆಲ್ಲುತ್ತೆ. ಆದರೆ ರೆಂಡರ್ ರಾತ್ರಿ ಹಾಕಿ ಹೋಗುವ ಆಫೀಸಿಗೆ ಅದು 2 ಗಂಟೆಗೆ ಮುಗಿಯಿತಾ, 3 ಗಂಟೆಗಾ ಎಂಬುದರಿಂದ ಏನು ವ್ಯತ್ಯಾಸ? ವಿ-ರೇಗೆ ಗ್ರಾಫಿಕ್ಸ್ ಕಾರ್ಡಿನಲ್ಲೇ ರೆಂಡರ್ ಮಾಡುವ ದಾರಿಯೂ ಇದೆ. ಉಳಿದ ದುಡ್ಡನ್ನು ಒಳ್ಳೆ ಕಾರ್ಡಿಗೆ ಹಾಕಿ.

ಬೆಲೆಯಲ್ಲಿ ಅಂತರ ದೊಡ್ಡದು. ಬಿಡುಗಡೆಯ ಹೊತ್ತಿಗೆ 9950ಎಕ್ಸ್ 649 ಡಾಲರ್, 9960ಎಕ್ಸ್ 1,499 ಡಾಲರ್. ಅದರ ಮೇಲೆ ಥ್ರೆಡ್‌ರಿಪ್ಪರ್ ಬೋರ್ಡು ದುಬಾರಿ. ಅದಕ್ಕೆ ರಿಜಿಸ್ಟರ್ಡ್ ರ್ಯಾಮ್ ಮಾತ್ರ ಆಗುತ್ತೆ, ನಾಲ್ಕು ಚಾನೆಲ್ ತುಂಬಲು ನಾಲ್ಕು ಸ್ಟಿಕ್ ಬೇಕು. 350 ವ್ಯಾಟ್ ಪ್ರೊಸೆಸರ್ ತಣ್ಣಗಿಡುವ ಕೂಲರ್ ಬೇರೆ.

ಇಸಿಸಿ ಬಗ್ಗೆ ವೆಂಡರ್ ಹೇಳಿದ್ದು ಅರ್ಧ ಸರಿ. ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ 0ಯಿಂದ 1ಕ್ಕೆ ತಿರುಗಿದರೆ ಇಸಿಸಿ ಅದನ್ನು ಹಿಡಿದು ಸರಿಪಡಿಸುತ್ತೆ. ವಾರಗಟ್ಟಲೆ ನಡೆಯುವ ಸಿಮ್ಯುಲೇಶನ್‌ಗೆ, ಲೆಕ್ಕಪತ್ರದ ಸರ್ವರ್‌ಗೆ ಇದು ಬೇಕೇ ಬೇಕು, ಅಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಎಲ್ಲ ಡಿಡಿಆರ್5ನಲ್ಲೂ ಇಸಿಸಿ ಇದೆ ಎನ್ನುವವರಿದ್ದಾರೆ. ಅದು ಚಿಪ್‌ನ ಒಳಗಿನ ತಪ್ಪನ್ನು ಮಾತ್ರ ಸರಿಪಡಿಸುವಂಥದ್ದು, ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ. ಆದರೆ ಇಸಿಸಿಗಾಗಿ ಥ್ರೆಡ್‌ರಿಪ್ಪರ್ ಕೊಳ್ಳಬೇಕಿಲ್ಲ. ಬೋರ್ಡು ಬೆಂಬಲಿಸಿದರೆ 9950ಎಕ್ಸ್‌ನಲ್ಲೂ ಇಸಿಸಿ ನಡೆಯುತ್ತೆ. ರಿಜಿಸ್ಟರ್ಡ್ ಅಲ್ಲದ ಇಸಿಸಿ ಸ್ಟಿಕ್ ಆಗಬೇಕು ಅಷ್ಟೇ.

ರ್ಯಾಮ್ ಎರಡೇ ಸ್ಟಿಕ್‌ನಲ್ಲಿ ತಗೊಳ್ಳಿ, 48 ಜಿಬಿಯ ಎರಡು. ಎಎಂ5 ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೂ ನಾಲ್ಕೂ ತುಂಬಿದರೆ ಅಧಿಕೃತ ವೇಗ 5600ರಿಂದ 3600ಕ್ಕೆ ಇಳಿಯುತ್ತೆ. ಮುಂದೆ ಒಂದೇ ಯಂತ್ರದಲ್ಲಿ ಮೂರು ನಾಲ್ಕು ಗ್ರಾಫಿಕ್ಸ್ ಕಾರ್ಡು ಬೇಕಾದರೆ, ಅಥವಾ 256 ಜಿಬಿಗಿಂತ ಹೆಚ್ಚು ರ್ಯಾಮ್ ಬೇಕಾದರೆ, ಆಗ ಡೆಸ್ಕ್‌ಟಾಪ್ ಪ್ರೊಸೆಸರ್ ನಿಜಕ್ಕೂ ಸಾಲದು. ಎಎಂ5ನಲ್ಲಿ ಕೈಗೆ ಸಿಗುವ ಲೇನ್ 24, ಥ್ರೆಡ್‌ರಿಪ್ಪರ್‌ನ ಮೇಲಿನ ದರ್ಜೆಯಾದ ಪ್ರೊನಲ್ಲಿ 128. ವರ್ಕ್‌ಸ್ಟೇಷನ್ ಪ್ರೊಸೆಸರ್‌ಗೆ ಕೊಡುವ ದುಡ್ಡು ಹೆಚ್ಚಾಗಿ ಇದಕ್ಕೇ. ಕೋರ್ ಆಮೇಲಿನ ಮಾತು.

ಪ್ರಶ್ನೆ: ಮನೆಯಲ್ಲಿ ಫೋಟೊ, ವಿಡಿಯೊ ಇಡಲು ಮತ್ತು ಲಿನಕ್ಸ್ ಕಲಿಯಲು ಐದಾರು ವರ್ಚುವಲ್ ಮಷೀನ್ (ಒಂದೇ ಕಂಪ್ಯೂಟರ್ ಒಳಗೆ ಬೇರೆ ಕಂಪ್ಯೂಟರ್‌ನಂತೆ ನಡೆಯುವ ಸಾಫ್ಟ್‌ವೇರ್) ಓಡಿಸಲು ಹಳೆ ಜಿಯಾನ್ ಆಗುತ್ತಾ? ಗೇಮ್ ಆಡುವುದಿಲ್ಲ.
— ಓದುಗರು, ಮಂಗಳೂರು

ಉತ್ತರ: ಧಾರಾಳವಾಗಿ ಆಗುತ್ತೆ. ಹತ್ತಾರು ಬೇರೆ ಬೇರೆ ಕೆಲಸ, ಜಾಸ್ತಿ ರ್ಯಾಮ್, ಇಸಿಸಿ. ಜಿಯಾನ್ ಹುಟ್ಟಿದ್ದೇ ಇಂಥದ್ದಕ್ಕೆ. ಆದರೆ ಸಂತೆಯಲ್ಲಿ ಸಿಗುವ ಎಕ್ಸ್99 ಕಾಂಬೊ ಬೇಡ. ಅವುಗಳಲ್ಲಿ ಹಲವು ಬೋರ್ಡುಗಳು ಹಳೆ ಬೋರ್ಡಿನಿಂದ ಕಿತ್ತ ಚಿಪ್‌ಸೆಟ್ಟನ್ನು ಹೊಸದಕ್ಕೆ ಬೆಸೆದು ಮಾಡಿದಂಥವು. ಕಂಪನಿಗಳು ಬಳಸಿ ಬಿಟ್ಟ, ಹೆಸರಾಂತ ತಯಾರಕರ ಇಡೀ ವರ್ಕ್‌ಸ್ಟೇಷನ್ ಪೆಟ್ಟಿಗೆಯನ್ನೇ ಹುಡುಕಿ. ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಸಿಗುತ್ತೆ, ಪವರ್ ಸಪ್ಲೈ ಗಟ್ಟಿ ಇರುತ್ತೆ. ಇ5 ಜಿಯಾನ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಒಂದು ಅಗ್ಗದ ಕಾರ್ಡು ಇರಲಿ.

ಕೊಳ್ಳುವ ಮುಂಚೆ ಕರೆಂಟಿನ ಲೆಕ್ಕ ಹಾಕಿ. ಯಂತ್ರ ಸರಾಸರಿ 100 ವ್ಯಾಟ್ ಎಳೆಯುತ್ತೆ ಎಂದಿಟ್ಟುಕೊಳ್ಳಿ. ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದು ಈಗ 140 ಯೂನಿಟ್ ಆಗುತ್ತಿದ್ದರೆ ಇದೊಂದರಿಂದ 200 ದಾಟುತ್ತೆ. ದಾಟಿದ ತಿಂಗಳು ಇಡೀ ಬಿಲ್ಲು ಕಟ್ಟಬೇಕಾಗುತ್ತೆ. ಕಲಿಯುವ ಹೊತ್ತಿಗೆ ಮಾತ್ರ ಆನ್ ಮಾಡುವುದಾದರೆ ಜಿಯಾನ್ ಸರಿ. ಫೋಟೊಗಳಿಗಾಗಿ 24 ಗಂಟೆಯೂ ಆನ್ ಇರಬೇಕೆಂದರೆ ಆ ಕೆಲಸಕ್ಕೆ ಕಡಿಮೆ ಕರೆಂಟಿನ ಸಣ್ಣ ಮಿನಿ ಪಿಸಿ ಬೇರೆ ಇಡುವುದು ಮೇಲು.

ಮನೆಗೆ ತಂದ ಮೊದಲ ರಾತ್ರಿಯೇ ಪೆನ್‌ಡ್ರೈವ್‌ನಿಂದ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಬೆಳಗಿನವರೆಗೆ ಓಡಲು ಬಿಡಿ. ಒಂದೇ ಒಂದು ಎರರ್ ತೋರಿದರೂ ಆ ಸ್ಟಿಕ್ ವಾಪಸ್ ಕೊಡಿ. ಅದಕ್ಕಾಗಿಯೇ ಕೊಳ್ಳುವಾಗ ಬಿಲ್ಲು ಮತ್ತು ಬದಲಿಸಿ ಕೊಡುವ ಅವಧಿಯನ್ನು ಬರೆಸಿಕೊಂಡಿರಿ.